ಎಂಟು ವರ್ಷ ಕಳೆದ ಹೈಬ್ರಿಡ್ ಕಾರನ್ನು ಯಾರು ರಿಪೇರಿ ಮಾಡಬೇಕು?

ಹೈಬ್ರಿಡ್ ಕಾರು ನೋಡಲು ಹೋದವರು ಎರಡು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಮೈಲೇಜ್ ಎಷ್ಟು ಕೊಡುತ್ತದೆ, ಬ್ಯಾಟರಿ ಕೈಕೊಟ್ಟರೆ ಎಷ್ಟು ಖರ್ಚಾಗುತ್ತದೆ. ಮೊದಲನೆಯದಕ್ಕೆ ಶೋರೂಮಿನಲ್ಲಿ ದಶಾಂಶದವರೆಗೂ ಉತ್ತರ ಸಿದ್ಧವಿರುತ್ತದೆ: ಟೊಯೊಟಾ ಹೈರೈಡರ್‌ಗೆ ಲೀಟರಿಗೆ 27.97 ಕಿ.ಮೀ., ಇನ್ನೋವಾ ಹೈಕ್ರಾಸ್‌ಗೆ 23.24, ಹೋಂಡಾ ಸಿಟಿ ಹೈಬ್ರಿಡ್ 2022ರಲ್ಲಿ ಬಂದಾಗ ಹೇಳಿದ್ದು 26.5. ಎರಡನೆಯದಕ್ಕೆ ಸಿಗುವುದು ಬೆಲೆಯಲ್ಲ, ಸಮಾಧಾನ. ಎಂಟು ವರ್ಷ ವಾರಂಟಿ ಇದೆಯಲ್ಲ, ಚಿಂತೆ ಯಾಕೆ ಎನ್ನುತ್ತಾರೆ. ಕೈಗೆ ಕೊಡುವ ಬಣ್ಣದ ಬ್ರೋಷರಿನಲ್ಲಿ ಬ್ಯಾಟರಿಯ ಗುಣಗಾನವಿರುತ್ತದೆ, ಅದನ್ನು ಬದಲಿಸುವ ದರ ಇರುವುದಿಲ್ಲ. ಹೈಬ್ರಿಡ್ ಕಾರಿನ ದೀರ್ಘಕಾಲದ ಖರ್ಚಿನ ಬಗ್ಗೆ ನಡೆಯುವ ವಾದವೆಲ್ಲ ಈ ಯಂತ್ರ ಗಟ್ಟಿಯೋ ನಾಜೂಕೋ ಎಂಬಲ್ಲೇ ಸುತ್ತುತ್ತಿದೆ. ಯಂತ್ರ ಗಟ್ಟಿಯಾಗಿಯೇ ಇದೆ. ಮಾಲೀಕನ ಜೇಬಿಗೆ ಕತ್ತರಿ ಬೀಳುವುದು ಅದನ್ನು ಬಿಚ್ಚುವ ಹಕ್ಕು, ಬಿಚ್ಚುವ ಜ್ಞಾನ ಮತ್ತು ಬಿಡಿಭಾಗದ ಬೆಲೆ, ಈ ಮೂರೂ ಒಂದೇ ಬಾಗಿಲಿನೊಳಗೆ ಉಳಿದಾಗ.

ಇದನ್ನು ಸೂರತ್‌ನ ಉಧ್ನಾದಲ್ಲಿ ನಿಂತು ನೋಡಬೇಕು. ಉಧ್ನಾ–ಮಗ್ದಲ್ಲಾ ರಸ್ತೆಯಲ್ಲಿ ಹೊಸ ಕಾರುಗಳ ಶೋರೂಮುಗಳು ಸಾಲಾಗಿವೆ. ಅಲ್ಲಿಂದ ಸ್ವಲ್ಪ ಒಳಗೆ ಹೋದರೆ ಪವರ್‌ಲೂಮ್ ಶೆಡ್ಡುಗಳು, ಪಾಂಡೇಸರಾ ಕೈಗಾರಿಕಾ ಪ್ರದೇಶದ ಡೈಯಿಂಗ್ ಮಿಲ್ಲುಗಳು, ಲೇತ್ ಅಂಗಡಿಗಳು, ಗ್ಯಾರೇಜುಗಳು. ಒಡಿಶಾ, ಮಹಾರಾಷ್ಟ್ರ, ಉತ್ತರ ಪ್ರದೇಶಗಳಿಂದ ಬಂದವರು ದುಡಿಯುವ ಊರು ಅದು. ಶೋರೂಮಿನಲ್ಲಿ ಹೊಸದಾಗಿ ಮಾರಾಟವಾದ ಕಾರು ಎಂಟು ಹತ್ತು ವರ್ಷ ಓಡಿ, ಎರಡನೆಯವರ ಮೂರನೆಯವರ ಹೆಸರಿಗೆ ಆರ್.ಸಿ. ಬದಲಾಗಿ ಇಂಥ ಬಡಾವಣೆಗಳಿಗೆ ಬರುತ್ತದೆ. ನಮ್ಮ ಬೆಂಗಳೂರಿನ ಶಿವಾಜಿನಗರ, ಜೆ.ಸಿ. ರಸ್ತೆಗಳಲ್ಲೂ ನಡೆಯುವುದು ಇದೇ. ಕನ್ನಡಿಗರಿಗೆ ಈ ವಿಷಯದಲ್ಲಿ ಇನ್ನೂ ಹತ್ತಿರದ ನಂಟಿದೆ. ಹೈಕ್ರಾಸ್, ಹೈರೈಡರ್ ತಯಾರಾಗುವುದು ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. ಮಾರುತಿಯ ಗ್ರ್ಯಾಂಡ್ ವಿಟಾರಾ ಕೂಡ 2022ರಲ್ಲಿ ಅಲ್ಲಿಂದಲೇ ಹೊರಬರತೊಡಗಿತು. ಇತ್ತ ಗುಜರಾತಿನ ಹಂಸಲ್‌ಪುರದಲ್ಲಿ ತೋಷಿಬಾ, ಡೆನ್ಸೊ, ಸುಜುಕಿ ಸೇರಿ ಕಟ್ಟಿದ ಕಾರ್ಖಾನೆ ಲಿಥಿಯಂ ಅಯಾನ್ ಬ್ಯಾಟರಿ ಮಾಡುತ್ತಿದೆ. 2025ರ ಆಗಸ್ಟ್ 26ರಂದು ಅಲ್ಲಿ ಹೈಬ್ರಿಡ್ ಬ್ಯಾಟರಿಯ ಎಲೆಕ್ಟ್ರೋಡ್ ತಯಾರಿಕೆಯೂ ಶುರುವಾಯಿತು. ಇನ್ನು ಮುಂದೆ ಬ್ಯಾಟರಿಯ ಮೌಲ್ಯದ ಶೇ 80ಕ್ಕೂ ಹೆಚ್ಚು ಭಾಗ ಭಾರತದಲ್ಲೇ ಆಗುತ್ತದೆ ಎಂದು ಸರ್ಕಾರ ಆಗ ಹೇಳಿತು.

ಮೊದಲು ಯಂತ್ರದ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಹೈಬ್ರಿಡ್ ಎಂದರೆ ಎಂಜಿನ್ ಒಂದು, ಮೋಟರ್ ಒಂದು, ಹಾಗಾಗಿ ರಿಪೇರಿಯೂ ಎರಡು ಪಟ್ಟು ಎಂಬ ಲೆಕ್ಕ ಸರಿಯಲ್ಲ. ಟೊಯೊಟಾ ಮಾದರಿಯ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಕ್ಲಚ್ ಪ್ಲೇಟ್ ಇಲ್ಲ, ಸೆಲ್ಫ್ ಮೋಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಗೇರ್‌ಬಾಕ್ಸ್ ಎಂದು ಕರೆಯುವುದರೊಳಗೆ ಎರಡು ಮೋಟರುಗಳೂ ಒಂದು ಗ್ರಹಚಕ್ರದಂಥ ಗೇರ್ ಜೋಡಣೆಯೂ ಇವೆ. ಹಲ್ಲುಗಳು ಸದಾ ಕೂಡಿಕೊಂಡೇ ತಿರುಗುವುದರಿಂದ ಸವೆತ ಕಡಿಮೆ. ಎ.ಸಿ. ಕಂಪ್ರೆಸರ್ ಕರೆಂಟಿನಿಂದ ಓಡುತ್ತದೆ, ಎಂಜಿನ್ನಿನ ಬೆಲ್ಟಿನಿಂದ ಅಲ್ಲ. ಬ್ರೇಕ್ ತುಳಿದಾಗ ಮೊದಲು ಮೋಟರೇ ಕಾರನ್ನು ಹಿಡಿದು ಆ ಶಕ್ತಿಯನ್ನು ಬ್ಯಾಟರಿಗೆ ತುಂಬುವುದರಿಂದ ಬ್ರೇಕ್ ಪ್ಯಾಡುಗಳು ಮಾಮೂಲಿ ಕಾರಿಗಿಂತ ಬಹಳ ದಿನ ಬಾಳುತ್ತವೆ. ಎಂಜಿನ್ ಆಯಿಲ್, ಫಿಲ್ಟರ್, ಟೈರ್, ಕೂಲೆಂಟ್‌ಗಳ ಖರ್ಚು ಎಲ್ಲ ಕಾರಿಗೂ ಇದ್ದದ್ದೇ. ಇಲ್ಲಿ ಒಂದು ಎಚ್ಚರ ಬೇಕು. ‘ಸ್ಮಾರ್ಟ್ ಹೈಬ್ರಿಡ್’ ಎಂಬ ಹೆಸರಿನಲ್ಲಿ ಮಾರುವ ಮೈಲ್ಡ್ ಹೈಬ್ರಿಡ್ ಬೇರೆಯೇ ಜಾತಿ. ಅದರಲ್ಲಿ ಎಂಜಿನ್ನಿಗೆ ಬೆಲ್ಟಿನಿಂದ ಜೋಡಿಸಿದ ಸಣ್ಣ ಮೋಟರೂ ಪುಟ್ಟ ಬ್ಯಾಟರಿಯೂ ಇರುತ್ತವೆ. ಕ್ಲಚ್ಚೂ ಗೇರೂ ಹಳೆಯವೇ. 2017ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಮತ್ತು ಹೈಬ್ರಿಡ್ ವಾಹನಗಳಿಗೆ ಕೊಡುತ್ತಿದ್ದ ಫೇಮ್ ಸಬ್ಸಿಡಿಯಿಂದ ಇವನ್ನು ಹೊರಗಿಟ್ಟಿತು. ಎರಡನ್ನೂ ಒಂದೇ ಹೆಸರಿನಲ್ಲಿ ಕಲಸಿ ರಿಪೇರಿ ಖರ್ಚು ಮಾತಾಡಿದರೆ ಗೊಂದಲವೇ ಉಳಿಯುತ್ತದೆ.

ಜನರ ನಿಜವಾದ ಅಳುಕು ಬ್ಯಾಟರಿಯದ್ದು. ಮೊಬೈಲ್ ಬ್ಯಾಟರಿ ಮೂರು ವರ್ಷಕ್ಕೆ ಸೊರಗುವುದನ್ನು ಕಂಡವರಿಗೆ ಕಾರಿನ ಬ್ಯಾಟರಿಯ ಮೇಲೆ ನಂಬಿಕೆ ಬರುವುದು ಕಷ್ಟವೇ. ಆದರೆ ಹೈಬ್ರಿಡ್ ಕಾರಿನ ಕಂಪ್ಯೂಟರ್ ಆ ಬ್ಯಾಟರಿಯನ್ನು ಪೂರ್ತಿ ತುಂಬಲು ಬಿಡುವುದಿಲ್ಲ, ಪೂರ್ತಿ ಬರಿದಾಗಲೂ ಬಿಡುವುದಿಲ್ಲ; ನಡುವಿನ ಒಂದು ಪಟ್ಟಿಯಲ್ಲೇ ಏರಿಳಿಸುತ್ತದೆ. ಆಯುಸ್ಸು ಹೆಚ್ಚುವುದು ಇದರಿಂದಲೇ. ಜಪಾನಿನಲ್ಲಿ ಟೊಯೊಟಾದ ಹೈಬ್ರಿಡ್ ಕಾರು ಪ್ರಿಯಸ್ ಮಾರುಕಟ್ಟೆಗೆ ಬಂದದ್ದು 1997ರಲ್ಲಿ, ಅಂದರೆ ಸಾಕ್ಷ್ಯ ಕೂಡಿಸಲು ಕಾಲು ಶತಮಾನಕ್ಕಿಂತ ಹೆಚ್ಚು ಕಾಲ ಸಿಕ್ಕಿದೆ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 2011ರಲ್ಲಿ, ಎರಡು ಲಕ್ಷ ಮೈಲಿಗೂ ಹೆಚ್ಚು, ಎಂದರೆ ಮೂರು ಲಕ್ಷ ಕಿಲೋಮೀಟರ್ ದಾಟಿದ 2002ರ ಒಂದು ಪ್ರಿಯಸ್ಸನ್ನು ಪರೀಕ್ಷಿಸಿ, ಹತ್ತು ವರ್ಷ ಹಿಂದೆ ತಾನೇ ಅಳೆದಿದ್ದ ಹೊಸ ಪ್ರಿಯಸ್ಸಿನ ಮೈಲೇಜಿಗೂ ಇದರದ್ದಕ್ಕೂ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ ಎಂದು ಕಂಡುಕೊಂಡಿತು. ಒಂದು ಕಾರಿನ ಫಲಿತಾಂಶ ಎಲ್ಲ ಕಾರುಗಳ ಮಾತಲ್ಲ, ನಿಜ. ಕಂಪನಿಯ ನಡವಳಿಕೆ ಅದಕ್ಕಿಂತ ದೊಡ್ಡ ಸಾಕ್ಷಿ. ಟೊಯೊಟಾ 2021ರ ಆಗಸ್ಟ್‌ನಲ್ಲಿ ಭಾರತದಲ್ಲಿ ಹೈಬ್ರಿಡ್ ಬ್ಯಾಟರಿಯ ವಾರಂಟಿಯನ್ನು ಮೂರು ವರ್ಷ ಅಥವಾ ಒಂದು ಲಕ್ಷ ಕಿ.ಮೀ.ನಿಂದ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ.ಗೆ ಏರಿಸಿತು. ತನ್ನ ಬ್ಯಾಟರಿ ಬೇಗ ಸಾಯುತ್ತದೆ ಎಂದು ಗೊತ್ತಿರುವ ಯಾವ ಕಂಪನಿಯೂ ಇಂಥ ಭಾರ ಹೊರುವುದಿಲ್ಲ. ಆದರೆ ಇದೇ ಕಂಪನಿ ಅಮೆರಿಕದಲ್ಲಿ 2020ರ ಮಾದರಿಗಳಿಂದ ಹತ್ತು ವರ್ಷ ಅಥವಾ ಒಂದೂವರೆ ಲಕ್ಷ ಮೈಲಿ, ಅಂದರೆ ಸುಮಾರು 2.4 ಲಕ್ಷ ಕಿ.ಮೀ. ವಾರಂಟಿ ಕೊಡುತ್ತಿದೆ. ಬ್ರಿಟನ್ನಿನಲ್ಲಿ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಂಡರೆ ಬ್ಯಾಟರಿಗೆ ಕಾರು ಹದಿನೈದು ವರ್ಷದ್ದಾಗುವವರೆಗೆ ರಕ್ಷಣೆ ಮುಂದುವರಿಯುತ್ತದೆ. ಅಮೆರಿಕದವರಿಗಿಂತ ಭಾರತದ ಗ್ರಾಹಕನಿಗೆ ಎರಡು ವರ್ಷ, 80 ಸಾವಿರ ಕಿ.ಮೀ. ಕಡಿಮೆ ಏಕೆ? ಇಲ್ಲಿನ ಸೆಖೆಯೇ ಕಾರಣ ಎನ್ನುವುದಾದರೆ, ಅದನ್ನು ಕೊಳ್ಳುವ ದಿನವೇ ಬಾಯಿಬಿಟ್ಟು ಹೇಳಬೇಕು.

ಸೆಖೆಯ ಜೊತೆಗೆ ಉಧ್ನಾದಲ್ಲಿ ಇನ್ನೂ ಒಂದು ಸಂಗತಿ ಇದೆ, ಅದು ಯಾವ ವಾರಂಟಿ ಪುಸ್ತಕದಲ್ಲೂ ಎದ್ದು ಕಾಣುವುದಿಲ್ಲ. ಈ ಬ್ಯಾಟರಿಗಳಲ್ಲಿ ಬಹುಪಾಲು ತಂಪಾಗುವುದು ಕಾರಿನ ಒಳಗಿನ ಗಾಳಿಯಿಂದ. ಸೀಟಿನ ಬಳಿ ಒಂದು ಸಣ್ಣ ಜಾಲರಿ ಇರುತ್ತದೆ. ಅದರ ಹಿಂದೆ ತೆಳ್ಳನೆಯ ಫಿಲ್ಟರ್, ಫಿಲ್ಟರಿನ ಹಿಂದೆ ಫ್ಯಾನು. ಮಗ್ಗದ ಶೆಡ್ಡುಗಳಿರುವ ಬೀದಿಯಲ್ಲಿ ನೂಲಿನ ನವಿರು ಎಳೆ, ದೂಳು ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ. ಬಟ್ಟೆಗೆ, ಚಪ್ಪಲಿಗೆ ಅಂಟಿ ಕಾರಿನೊಳಗೂ ಬರುತ್ತದೆ. ಜಾಲರಿಯ ಮೇಲೆ ಅದು ಬೂದುಬಣ್ಣದ ಪದರವಾಗಿ ಕೂರುತ್ತದೆ. ಆಮೇಲೆ ಸೀಟಿನ ಮೇಲಿಟ್ಟ ಚೀಲವೋ ಟವೆಲೋ ಅದೇ ಜಾಲರಿಗೆ ಅಡ್ಡವಾಗುತ್ತದೆ. ಗಾಳಿ ಸಾಲದೆ ಬ್ಯಾಟರಿ ಬಿಸಿಯಾದಾಗ ಫ್ಯಾನು ಜೋರಾಗಿ ತಿರುಗುತ್ತದೆ. ಅದೂ ಸಾಲದಾದಾಗ ಕಂಪ್ಯೂಟರ್ ಬ್ಯಾಟರಿಯ ಕೆಲಸವನ್ನೇ ತಗ್ಗಿಸುತ್ತದೆ, ಮೈಲೇಜ್ ಇಳಿಯುತ್ತದೆ, ವರ್ಷಗಟ್ಟಲೆ ಹೀಗೇ ಆದರೆ ಸೆಲ್ಲುಗಳು ಬೇಗ ಹಳತಾಗುತ್ತವೆ. ಬಿಚ್ಚಿ ಕೊಡವಿ ಹಾಕುವ ಹತ್ತು ನಿಮಿಷದ ಕೆಲಸ ಇದು. ಇದನ್ನು ಹೇಳಿಕೊಡುವವರು ಗಲ್ಲಿಯ ಗ್ಯಾರೇಜಿನಲ್ಲಿ ಇದ್ದರೆ ಲಕ್ಷ ರೂಪಾಯಿಯ ಭಾಗದ ಆಯುಸ್ಸು ಉಳಿಯುತ್ತದೆ. ನೀರಿನ ಭಯವೂ ಸೂರತ್‌ಗೆ ಹೊಸದಲ್ಲ. 2006ರ ಆಗಸ್ಟ್‌ನಲ್ಲಿ ಉಕಾಯ್ ಅಣೆಕಟ್ಟಿನ ನೀರು ಬಂದು ತಾಪಿ ನದಿ ಊರಿನ ಬಹುಭಾಗವನ್ನು ಮುಳುಗಿಸಿತ್ತು. ಈಗಲೂ ಜೋರು ಮಳೆ ಬಂದರೆ ಊರಿನ ಖಾಡಿ ಎನ್ನುವ ತೊರೆಗಳು ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗುತ್ತವೆ. ನೆಲಮಟ್ಟದಲ್ಲಿ ಕೂತಿರುವ ಹೈವೋಲ್ಟೇಜ್ ಬ್ಯಾಟರಿಗೆ ನೀರು ಹೋದರೆ ಅದು ವಾರಂಟಿಯ ಮಾತಲ್ಲ, ವಿಮೆಯ ಮಾತು. ಪಾಲಿಸಿಯಲ್ಲಿ ಬ್ಯಾಟರಿ ಸೇರಿದೆಯೋ ಇಲ್ಲವೋ ಎಂಬುದನ್ನು ಮಳೆಗಾಲಕ್ಕೆ ಮೊದಲೇ ಓದಿಕೊಳ್ಳಬೇಕು.

ಈಗ ಲೆಕ್ಕಕ್ಕೆ ಬರೋಣ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವ ಕುಟುಂಬ ಎಂದುಕೊಳ್ಳಿ. ಪೇಟೆಯ ಸಂಚಾರದಲ್ಲಿ ಸಾದಾ ಪೆಟ್ರೋಲ್ ಕಾರು ಲೀಟರಿಗೆ 12, ಹೈಬ್ರಿಡ್ 20 ಕೊಡುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ ಒಂದು ಸಾವಿರ ಲೀಟರಿನ ಜಾಗದಲ್ಲಿ 600 ಲೀಟರ್ ಸಾಕು. ಪೆಟ್ರೋಲ್ 95 ರೂಪಾಯಿ ಎಂದರೆ ವರ್ಷಕ್ಕೆ 38 ಸಾವಿರ ಉಳಿತಾಯ. ಹೈಬ್ರಿಡ್‌ಗೆ ಹೆಚ್ಚು ಕೊಟ್ಟದ್ದು ಎರಡೂವರೆ ಲಕ್ಷವಾದರೆ ಅದು ವಾಪಸ್ ಬರಲು ಆರೂವರೆ ವರ್ಷ ಬೇಕು. ವಾರಂಟಿ ಮುಗಿಯುವ ಎಂಟನೇ ವರ್ಷದ ಕೊನೆಗೆ ಕೈಯಲ್ಲಿ ಉಳಿಯುವುದು ಸುಮಾರು 54 ಸಾವಿರ. ಅಷ್ಟರಲ್ಲಿ ಕಾರು ಓಡಿರುವುದು 96 ಸಾವಿರ ಕಿ.ಮೀ. ಮಾತ್ರ, 1.6 ಲಕ್ಷದ ಭರವಸೆಯಲ್ಲಿ ಬಹಳಷ್ಟು ಬಳಕೆಯೇ ಆಗದೆ ಕಾಲ ಮುಗಿಯುತ್ತದೆ. ಟ್ಯಾಕ್ಸಿಯದ್ದು ತಿರುಗುಮುರುಗು. ವರ್ಷಕ್ಕೆ 60 ಸಾವಿರ ಓಡುವ ಹೈಕ್ರಾಸ್ ಮೂರನೇ ವರ್ಷ ತುಂಬುವ ಮೊದಲೇ ಗಡಿ ದಾಟುತ್ತದೆ, ಆದರೆ ಅಷ್ಟರಲ್ಲಿ ಹೆಚ್ಚುವರಿ ಬೆಲೆಯನ್ನು ಇಂಧನದಲ್ಲೇ ದುಡಿದುಕೊಂಡಿರುತ್ತದೆ. ಉಧ್ನಾದಲ್ಲಂತೂ ಹೈಬ್ರಿಡ್‌ಗೆ ನಿಜವಾದ ಪೈಪೋಟಿ ಪೆಟ್ರೋಲ್ ಕಾರಲ್ಲ, ಸಿಎನ್‌ಜಿ. ದೇಶದಲ್ಲೇ ಸಿಎನ್‌ಜಿ ಬಂಕುಗಳ ಜಾಲ ದಟ್ಟವಾಗಿರುವ ರಾಜ್ಯಗಳಲ್ಲಿ ಗುಜರಾತ್ ಒಂದು. ಕೆ.ಜಿ.ಗೆ 80 ರೂಪಾಯಿ, ಪೇಟೆಯಲ್ಲಿ ಕೆ.ಜಿ.ಗೆ 20 ಕಿ.ಮೀ. ಎಂದರೂ ವರ್ಷಕ್ಕೆ 48 ಸಾವಿರದಲ್ಲಿ ಮುಗಿಯುತ್ತದೆ. ಹೈಬ್ರಿಡ್‌ನ ಪೆಟ್ರೋಲ್ ಖರ್ಚು 57 ಸಾವಿರ. ಡಿಕ್ಕಿಯ ಜಾಗ, ಬಂಕಿನ ಸರದಿ ಬಿಟ್ಟರೆ ದುಡ್ಡಿನ ಲೆಕ್ಕದಲ್ಲಿ ಸಿಎನ್‌ಜಿ ಗೆಲ್ಲುತ್ತದೆ, ಮೇಲಾಗಿ ಅದನ್ನು ರಿಪೇರಿ ಮಾಡುವವರು ಬೀದಿಬೀದಿಯಲ್ಲೂ ಸಿಗುತ್ತಾರೆ. ಹೈಬ್ರಿಡ್ ಮಾಲೀಕನ 54 ಸಾವಿರದ ಉಳಿಕೆ ನಿಲ್ಲುವುದೂ ಕರಗುವುದೂ ಒಂಬತ್ತನೇ ವರ್ಷದ ಒಂದೇ ಒಂದು ಬಿಲ್ಲಿನ ಮೇಲೆ ನಿಂತಿದೆ.

ಆ ಬಿಲ್ಲು ಬ್ಯಾಟರಿಯದ್ದೇ ಆಗಿರಬೇಕೆಂದಿಲ್ಲ. ಹೊರದೇಶಗಳ ಹಳೆಯ ಪ್ರಿಯಸ್‌ಗಳಲ್ಲಿ ಬ್ರೇಕಿನ ಒತ್ತಡ ಕೊಡುವ ವಿದ್ಯುತ್ ಪಂಪಿನ ಜೋಡಣೆ ಕೆಟ್ಟು ಭಾರಿ ಖರ್ಚಾದದ್ದಿದೆ. ಬ್ಯಾಟರಿಯ ಕರೆಂಟನ್ನು ಮೋಟರಿಗೆ ಒಗ್ಗಿಸುವ ಇನ್ವರ್ಟರಿನ ಸಾಫ್ಟ್‌ವೇರ್ ದೋಷಕ್ಕಾಗಿ 2014ರ ಫೆಬ್ರುವರಿಯಲ್ಲಿ ಟೊಯೊಟಾ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಪ್ರಿಯಸ್‌ಗಳನ್ನು ವಾಪಸ್ ಕರೆಯಿತು. ಬ್ಯಾಟರಿಯೂ ಒಮ್ಮೆಲೇ ಪೂರ್ತಿ ಸಾಯುವುದು ಅಪರೂಪ. ಹಳೆಯ ಪ್ರಿಯಸ್ಸಿನ ಪೆಟ್ಟಿಗೆಯಲ್ಲಿ ತಲಾ ಆರು ಸೆಲ್ಲುಗಳ 28 ಮಾಡ್ಯೂಲುಗಳಿದ್ದವು, ಒಟ್ಟು 168 ಸೆಲ್. ಬಿಡದಿಯ ಹೈಕ್ರಾಸಿನಲ್ಲಿರುವುದೂ 168 ಸೆಲ್ಲುಗಳ ನಿಕಲ್ ಬ್ಯಾಟರಿಯೇ. ಒಂದೆರಡು ಮಾಡ್ಯೂಲ್ ದುರ್ಬಲವಾದರೂ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತುತ್ತದೆ. ಅಂಥ ಒಂದನ್ನು ಹುಡುಕಿ ಬದಲಿಸುವ ಸ್ವತಂತ್ರ ಗ್ಯಾರೇಜುಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಹಾಗೆ ಹಳೆಯದರ ನಡುವೆ ಹೊಸದನ್ನು ಸೇರಿಸಿದರೆ ಹೊಂದಾಣಿಕೆ ತಪ್ಪಿ ಕೆಲ ತಿಂಗಳಲ್ಲೇ ಇನ್ನೊಂದು ಕೈಕೊಡಬಹುದು ಎಂಬುದೂ ನಿಜ. ಆದರೂ ಪೂರ್ತಿ ಪೆಟ್ಟಿಗೆ ಬದಲಿಸುವುದೋ, ಒಂದು ಭಾಗ ಸರಿಮಾಡಿಸಿ ಎರಡು ವರ್ಷ ಓಡಿಸುವುದೋ ಎಂದು ತೀರ್ಮಾನಿಸುವ ಅವಕಾಶ ಕಾರಿನ ಮಾಲೀಕನಿಗೆ ಇರಬೇಕು. ಹತ್ತು ವರ್ಷದ ಕಾರಿಗೆ ಹೊಸ ಬ್ಯಾಟರಿಯೊಂದೇ ದಾರಿ ಎಂದಾಗ ಎಷ್ಟೋ ಒಳ್ಳೆಯ ಕಾರುಗಳು ಗುಜರಿ ಸೇರುತ್ತವೆ.

ಬಿಡಿಭಾಗ, ಸಲಕರಣೆಗಳನ್ನು ಕಂಪನಿಗಳು ತಮ್ಮ ಕೈಯಲ್ಲೇ ಇಟ್ಟುಕೊಳ್ಳುತ್ತವೆ ಎಂಬುದು ಬರೀ ಗ್ಯಾರೇಜಿನವರ ಗೊಣಗಾಟವಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಮಾರುತಿ, ಟೊಯೊಟಾ, ಹೋಂಡಾ ಮೂರೂ ಆ ಪಟ್ಟಿಯಲ್ಲಿದ್ದವು. ಅಸಲಿ ಬಿಡಿಭಾಗಗಳೂ ದೋಷ ಪತ್ತೆಯ ಸಲಕರಣೆಗಳೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ಸ್ಪರ್ಧೆಗೆ ವಿರುದ್ಧ ಎಂಬುದು ಆಯೋಗದ ತೀರ್ಮಾನವಾಗಿತ್ತು. ಬೌದ್ಧಿಕ ಆಸ್ತಿಯ ರಕ್ಷಣೆಗೆ ಹೀಗೆ ಮಾಡಬೇಕಾಯಿತು ಎಂಬ ಸಮಜಾಯಿಷಿಯನ್ನು ಅದು ಒಪ್ಪಲಿಲ್ಲ. ಕೆಲ ಕಂಪನಿಗಳು ಮೇಲ್ಮನವಿ ಹೋದವು. 2016ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡದ ಮೊತ್ತ ಇಳಿಸಿದರೂ ಅವುಗಳ ತಪ್ಪನ್ನು ಅಲ್ಲಗಳೆಯಲಿಲ್ಲ. ಅದು ಕ್ಲಚ್ ಪ್ಲೇಟ್, ಹೆಡ್‌ಲೈಟುಗಳ ಕಾಲ. ನಟ್ಟು ಬಿಚ್ಚಿದರೆ ಒಳಗೇನಿದೆ ಎಂದು ಕಣ್ಣಿಗೆ ಕಾಣುತ್ತಿದ್ದ ಕಾರಿನಲ್ಲೇ ಇಷ್ಟು ಬಿಗಿಯಿದ್ದರೆ, ಸಾಫ್ಟ್‌ವೇರಿನ ಅನುಮತಿಯಿಲ್ಲದೆ ಭಾಗ ಬದಲಿಸಲಾಗದ ಕಾರಿನಲ್ಲಿ ಎಷ್ಟಿರಬೇಡ? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ‘ರಿಪೇರಿಯ ಹಕ್ಕು’ ಜಾಲತಾಣ ತೆರೆದಾಗ ವಾಹನಗಳನ್ನೂ ಅದರಲ್ಲಿ ಸೇರಿಸಿತು. ಒಳ್ಳೆಯ ಹೆಜ್ಜೆಯೇ. ಆದರೆ ಕಂಪನಿಗಳು ಮಾಹಿತಿ ಹಾಕುವುದು ಅಲ್ಲಿ ಇಚ್ಛೆಗೆ ಬಿಟ್ಟ ವಿಷಯ; ಹಾಕದಿದ್ದರೆ ಕೇಳುವ ಕಾನೂನಿಲ್ಲ.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಸುರಕ್ಷತೆಯದು. ಇನ್ನೂರು ವೋಲ್ಟಿನ ಆಸುಪಾಸಿನ ನೇರ ವಿದ್ಯುತ್ತು, ಇನ್ವರ್ಟರಿನಲ್ಲಿ ಅದು ಮತ್ತೂ ಏರುತ್ತದೆ. ತಿಳಿಯದೆ ಕೈ ಹಾಕಿದವನ ಜೀವ ಹೋಗಬಹುದು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಕೀಲಿಯನ್ನು ದೂರ ಇಟ್ಟು, 12 ವೋಲ್ಟಿನ ಸಣ್ಣ ಬ್ಯಾಟರಿಯ ತಂತಿ ತೆಗೆದು, ವಿದ್ಯುತ್ ನಿರೋಧಕ ಗ್ಲೌಸ್ ತೊಟ್ಟು, ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವೀಸ್ ಪ್ಲಗ್ ಎಳೆದು, ಕೆಪಾಸಿಟರಿನಲ್ಲಿ ಉಳಿದ ಚಾರ್ಜ್ ಇಳಿಯಲು ಹತ್ತು ನಿಮಿಷ ಕಾದು, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲಷ್ಟೇ ಹೈವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಕು. ಇಷ್ಟೇ ಕ್ರಮ; ಇದನ್ನು ಕಲಿಸಬಹುದು, ಪರೀಕ್ಷೆ ಮಾಡಬಹುದು, ಸರ್ಟಿಫಿಕೇಟ್ ಕೊಡಬಹುದು. ಸಿಎನ್‌ಜಿಯಲ್ಲಿ ಇದನ್ನೇ ಮಾಡಿಲ್ಲವೇ? ಇನ್ನೂರು ಬಾರ್ ಒತ್ತಡದ ಅನಿಲದ ಸಿಲಿಂಡರನ್ನು ಜನ ತಮ್ಮ ಹಿಂಬದಿಯ ಸೀಟಿನ ಆಚೆ ಇಟ್ಟುಕೊಂಡು ಓಡಾಡುತ್ತಾರೆ. ಅದು ಅಪಾಯಕಾರಿ ಎಂದು ಕೆಲಸವನ್ನು ಒಂದೇ ಕಂಪನಿಗೆ ಬರೆದುಕೊಡಲಿಲ್ಲ. ಮೂರು ವರ್ಷಕ್ಕೊಮ್ಮೆ ಸಿಲಿಂಡರಿಗೆ ಹೈಡ್ರೊ ಟೆಸ್ಟ್ ಕಡ್ಡಾಯ ಮಾಡಿದರು, ಪರೀಕ್ಷಾ ಕೇಂದ್ರಗಳಿಗೆ ಮಾನ್ಯತೆ ಕೊಟ್ಟರು, ಕಿಟ್ ಕೂರಿಸುವವರಿಗೆ ಅನುಮತಿಯ ವ್ಯವಸ್ಥೆ ಮಾಡಿದರು. ಸೂರತ್‌ನ ಮಜೂರಾ ಗೇಟ್ ಬಳಿ ಸರ್ಕಾರಿ ಐಟಿಐ ಇದೆ. ಬಿಡದಿಯಲ್ಲಿ ಟೊಯೊಟಾ ಕಂಪನಿಯೇ 2007ರಿಂದ ತಾಂತ್ರಿಕ ತರಬೇತಿ ಸಂಸ್ಥೆ ನಡೆಸುತ್ತಿದ್ದು, ಕರ್ನಾಟಕದ ಹಳ್ಳಿಗಳ ಬಡ ಮಕ್ಕಳನ್ನು ನುರಿತ ಕೆಲಸಗಾರರನ್ನಾಗಿ ಮಾಡಿದೆ. ಕಲಿಸುವ ಶಕ್ತಿ ಇದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಈಗಿನ ಸ್ಥಿತಿಯೇ ಹೆಚ್ಚು ಅಪಾಯಕಾರಿ ಎಂದು ನಾನು ಹೇಳುತ್ತೇನೆ: ವಾರಂಟಿ ಮುಗಿದ ಕಾರು ಗಲ್ಲಿಯ ಗ್ಯಾರೇಜಿಗೆ ಹೇಗೂ ಬರುತ್ತದೆ, ತರಬೇತಿಯಿಲ್ಲದ ಹುಡುಗನೊಬ್ಬ ವಿಡಿಯೊ ನೋಡಿ ಅದನ್ನು ಬಿಚ್ಚುತ್ತಾನೆ.

ಎರಡನೆಯ ಆಕ್ಷೇಪ, ನಾಳೆ ಎಲ್ಲವೂ ಪೂರ್ತಿ ವಿದ್ಯುತ್ ಕಾರುಗಳೇ ಆಗುವಾಗ ಹೈಬ್ರಿಡ್ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವುದೇಕೆ ಎಂಬುದು. ಸರ್ಕಾರದ ತೆರಿಗೆಯೂ ಹಾಗೆಯೇ ಹೇಳುತ್ತದೆ: 2025ರ ಸೆಪ್ಟೆಂಬರ್ 22ರ ನಂತರವೂ ವಿದ್ಯುತ್ ಕಾರಿಗೆ ಶೇ 5, ನಾಲ್ಕು ಮೀಟರ್ ಮೀರಿದ ಹೈಬ್ರಿಡ್‌ಗೆ ಶೇ 40 ಜಿಎಸ್‌ಟಿ. ಆದರೆ ಮಾರಿದ ಕಾರುಗಳು ಮಾಯವಾಗುವುದಿಲ್ಲ. ಹೈಕ್ರಾಸ್ ಒಂದರದ್ದೇ ಮಾರಾಟ 2024ರ ಕೊನೆಗೆ ಲಕ್ಷ ಮುಟ್ಟಿತು, ಅದರಲ್ಲಿ ಸಾದಾ ಪೆಟ್ರೋಲಿನವೂ ಸೇರಿವೆ. ಹೈಬ್ರಿಡ್‌ಗೆ ಮಾಡುವ ವ್ಯವಸ್ಥೆ ವಿದ್ಯುತ್ ಕಾರಿಗೂ ಬೇಕಾದದ್ದೇ. ಅಲ್ಲಿನ ಬ್ಯಾಟರಿ ಇನ್ನೂ ಹತ್ತಾರು ಪಟ್ಟು ದೊಡ್ಡದು. ಇನ್ನೊಂದು ಮಾತೂ ಇದೆ. ಬೆಲೆ ಮುಚ್ಚಿಡುವುದರಿಂದ ಮೊದಲ ಮಾಲೀಕನಿಗೂ ನಷ್ಟವೇ. ಎಂಟು ವರ್ಷದ ಹೈಬ್ರಿಡ್ ಕೊಳ್ಳುವವನಿಗೆ ಬ್ಯಾಟರಿಯ ದರವೂ ಗೊತ್ತಿಲ್ಲ, ಅದರ ಆರೋಗ್ಯವೂ ಗೊತ್ತಿಲ್ಲ. ಅವನು ಕೆಟ್ಟದ್ದನ್ನೇ ಊಹಿಸಿ ಬೆಲೆ ಕಡಿಮೆ ಕೇಳುತ್ತಾನೆ. ಬ್ಯಾಟರಿ ಚೆನ್ನಾಗಿಯೇ ಇದ್ದರೂ ಮೊದಲ ಮಾಲೀಕ ಆ ನಷ್ಟ ಹೊರುತ್ತಾನೆ. ಅಂದರೆ ಬಾರದ ರಿಪೇರಿಗೂ ಅವನು ದುಡ್ಡು ಕೊಟ್ಟಂತಾಯಿತು.

ಮಾಡಬೇಕಾದ್ದು ದೊಡ್ಡದೇನಲ್ಲ. ಬ್ಯಾಟರಿ, ಇನ್ವರ್ಟರ್, ಬ್ರೇಕಿನ ಪಂಪು, ಈ ಮೂರರ ಬೆಲೆಯನ್ನು ಕೂಲಿ ಸಮೇತ ಪ್ರತಿ ವರ್ಷ ಪ್ರಕಟಿಸಬೇಕು. ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದು ಆ ಪಟ್ಟಿಯಲ್ಲಿ ಕಾಣಬೇಕು. ಕಾರು ಕೈ ಬದಲಾಗುವಾಗ ಮಾಡ್ಯೂಲುಗಳ ವೋಲ್ಟೇಜ್ ತೋರಿಸುವ ಮುದ್ರಿತ ವರದಿ ಕೇಳಿದವರಿಗೆ ನಿಗದಿತ ಶುಲ್ಕಕ್ಕೆ ಸಿಗಬೇಕು. ಪ್ರಮಾಣಪತ್ರ ಪಡೆದ ಗ್ಯಾರೇಜಿಗೆ ದೋಷ ಪತ್ತೆಯ ಸ್ಕ್ಯಾನರಿನ ಪ್ರವೇಶ ಹಣ ಕೊಟ್ಟು ಪಡೆಯುವಂತಾಗಬೇಕು. ಇದನ್ನು ಕೇಳಲು ಕರ್ನಾಟಕಕ್ಕೆ ಬೇರೆ ಯಾವ ರಾಜ್ಯಕ್ಕೂ ಇಲ್ಲದ ಬಲವಿದೆ. 2023ರ ನವೆಂಬರ್‌ನಲ್ಲಿ ಟೊಯೊಟಾ ಬಿಡದಿಯ ಮೂರನೇ ಘಟಕಕ್ಕಾಗಿ 3,300 ಕೋಟಿ ರೂಪಾಯಿ ಹೂಡಿಕೆಯ ಒಪ್ಪಂದಕ್ಕೆ ರಾಜ್ಯ ಸರ್ಕಾರದೊಂದಿಗೆ ಸಹಿ ಹಾಕಿತು. ನೆಲ, ನೀರು, ವಿದ್ಯುತ್ತು, ರಿಯಾಯಿತಿಗಳ ಮಾತುಕತೆ ನಡೆಯುವ ಅಂಥ ಮೇಜಿನ ಮೇಲೆ ರಿಪೇರಿಯ ಷರತ್ತನ್ನೂ ಇಡಬಹುದು. ಹಂಸಲ್‌ಪುರದ ವಿಷಯದಲ್ಲಿ ಗುಜರಾತ್ ಸರ್ಕಾರವೂ ಇಡಬಹುದು. 2022ರ ಕೊನೆಯಲ್ಲಿ ಬಿಡದಿಯಿಂದ ಹೊರಟ ಹೈಬ್ರಿಡ್‌ಗಳ ಬ್ಯಾಟರಿ ವಾರಂಟಿ 2030ರ ಕೊನೆಯಲ್ಲಿ ಮುಗಿಯುತ್ತದೆ, ಮತ್ತು ಒಂದು ಐಟಿಐ ತಂಡವನ್ನು ಕಲಿಸಿ ಹೊರತರಲು ಎರಡು ವರ್ಷ ಬೇಕು.